ಕೃಪೆ ಪಡೆದವರ ಮನೆ ಮತ್ತು ನೆರೆ

ಮಾನ್ಯ ಸಂಪಾದಕರೇ,

ವಯಸ್ಸಾದ ತಂದೆ-ತಾಯಿಯನ್ನು ಸರ್ಕಾರಿ ಆಸ್ಪತ್ರೆಗಳಿಗೆ ಸೇರಿಸಿ ಮಕ್ಕಳು ಮರಳಿ ಬಾರದೆ ಹೋಗುವ ಪ್ರಕರಣಗಳ ಕುರಿತು 2025ರ ಮಾರ್ಚ್ ತಿಂಗಳಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರು ಕಳವಳ ವ್ಯಕ್ತಪಡಿಸಿ, ಅಂಥ ಮಕ್ಕಳ ಹೆಸರಿಗಾದ ಆಸ್ತಿ ವರ್ಗಾವಣೆ ಮತ್ತು ಉಯಿಲುಗಳನ್ನು ರದ್ದುಪಡಿಸಲು ಕ್ರಮ ಕೈಗೊಳ್ಳಬೇಕೆಂದು ಸೂಚಿಸಿದ್ದು ಓದುಗರಿಗೆ ನೆನಪಿರಬಹುದು. ಆ ಬಳಿಕ ಹಿರಿಯರ ಆರೈಕೆಯ ಬಗ್ಗೆ ವಾಚಕರ ಅಂಕಣದಲ್ಲಿ ಬರುತ್ತಿರುವ ಪತ್ರಗಳನ್ನು ಗಮನವಿಟ್ಟು ಓದುತ್ತಿದ್ದೇನೆ. ದಿನ ಬೆಳಗಾದರೆ ಪ್ರೀತಿಯನ್ನೇ ಬೋಧಿಸುವ ಧರ್ಮಗಳು ಈ ವಿಷಯದಲ್ಲಿ ಮಾಡುತ್ತಿರುವುದೇನು ಎಂಬ ಪ್ರಶ್ನೆ ಅವುಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಪ್ರಶ್ನೆ ನ್ಯಾಯವಾದುದು. ನಿವೃತ್ತ ಶಿಕ್ಷಕಿಯಾಗಿ, ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಊರಿನ ಚರ್ಚಿನಲ್ಲಿ, ಭಾನುವಾರದ ಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಸುವವಳಾಗಿ, ಕ್ರೈಸ್ತ ಬೋಧನೆಯ ಕಡೆಯಿಂದ ಇದಕ್ಕೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ಈ ಉತ್ತರದ ಹೆಚ್ಚಿನ ಭಾಗ ನಮ್ಮ ಸಮುದಾಯದವರಿಗೇ ಹೇಳಬೇಕಾದುದು.

ಕಾನೂನು ಇಲ್ಲವೆಂದಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ 2007ರಿಂದಲೇ ಇದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಷರತ್ತು ಮುರಿದವರಿಂದ ಹಿಂಪಡೆಯಲು ಅದರ 23ನೇ ಸೆಕ್ಷನ್ ಅವಕಾಶ ನೀಡುತ್ತದೆ. ಜೀವನಾಂಶ ಬೇಕಾದ ಹಿರಿಯರು ಉಪವಿಭಾಗಾಧಿಕಾರಿಗಳ ಮುಂದಿರುವ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಹಸಿದವರಿಗೆ ಇದು ಸಣ್ಣ ಆಸರೆಯಲ್ಲ, ಯಾವ ಹಿರಿಯರೂ ಇದನ್ನು ಬಳಸಿಕೊಳ್ಳಲು ನಾಚಬೇಕಾಗಿಲ್ಲ. ಆದರೆ ಆಸ್ತಿ ಕೈತಪ್ಪೀತೆಂಬ ಭಯದಿಂದ ತಾಯಿಗೆ ಗಂಜಿ ಬಡಿಸುವ ಮಗನ ಮನೆಯಲ್ಲಿ ಆ ತಾಯಿ ಹೇಗೆ ದಿನ ಕಳೆಯುತ್ತಾಳೆಂಬುದನ್ನು ಯಾವ ನ್ಯಾಯಮಂಡಳಿಯೂ ವಿಚಾರಿಸಲಾರದು. ಭಯದಿಂದ ಕರ್ತವ್ಯ ನಡೆದೀತು, ಪ್ರೀತಿ ಎಲ್ಲಿಂದ ಬರಬೇಕು? ಕ್ರೈಸ್ತ ಬೋಧನೆ ಮುಖ್ಯವಾಗಿ ಮಾತನಾಡುವುದು ಈ ಪ್ರಶ್ನೆಯ ಬಗ್ಗೆ.

ತಂದೆ-ತಾಯಿಯನ್ನು ಗೌರವಿಸು ಎಂಬ ಆಜ್ಞೆ ಮೋಶೆಯ ಕಾಲದ್ದು. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬುದೂ ಹಳೆಯ ಒಡಂಬಡಿಕೆಯ ಯಾಜಕಕಾಂಡದ 19ನೇ ಅಧ್ಯಾಯದ ಮಾತು. ಅದೇ ಅಧ್ಯಾಯ ಪರದೇಶಿಯನ್ನೂ ಹಾಗೆಯೇ ಪ್ರೀತಿಸಬೇಕೆಂದು ವಿಧಿಸುತ್ತದೆ. ಯೇಸು ಈ ಆಜ್ಞೆಗಳನ್ನು ಕೈಬಿಡಲಿಲ್ಲ, ದೇವರ ಮೇಲಣ ಪ್ರೀತಿಯ ಆಜ್ಞೆಯೊಡನೆ ಜೋಡಿಸಿ ಧರ್ಮಶಾಸ್ತ್ರವೆಲ್ಲ ಇವೆರಡನ್ನೇ ಆಧರಿಸಿದೆ ಎಂದನು. ಹಾಗಿದ್ದರೂ ಆಜ್ಞೆಯನ್ನು ತಿಳಿದ ಮಾತ್ರಕ್ಕೆ ಅದನ್ನು ಪಾಲಿಸುವ ಶಕ್ತಿ ಬರುವುದಿಲ್ಲವೆಂಬುದು ಸಂತ ಪೌಲರು ತಮ್ಮ ಪತ್ರಗಳಲ್ಲಿ ಬಿಡದೆ ಹೇಳುವ ಸಂಗತಿ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಪ್ರಾಣ ಕೊಟ್ಟನು ಎಂದು ಅವರು ರೋಮನರಿಗೆ ಬರೆಯುತ್ತಾರೆ. ದೇವರೇ ನಮ್ಮನ್ನು ಮೊದಲು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ ಎನ್ನುವ ಸಂತ ಯೊವಾನ್ನರು, ಕಣ್ಣೆದುರಿನ ಸೋದರನನ್ನು ದ್ವೇಷಿಸುತ್ತಾ ಕಾಣದ ದೇವರನ್ನು ಪ್ರೀತಿಸುತ್ತೇನೆನ್ನುವವನನ್ನು ಮುಂದಿನ ವಾಕ್ಯದಲ್ಲಿಯೇ ಸುಳ್ಳುಗಾರ ಎಂದು ಕರೆಯುತ್ತಾರೆ. ನಮ್ಮ ಯೋಗ್ಯತೆಯನ್ನು ನೋಡದೆ ದೇವರು ಕೊಟ್ಟ ಈ ಪ್ರೀತಿಗೆ ಕೃಪೆ ಎಂದು ಹೆಸರು. ಪಡೆದುದು ಕೃಪೆಯೇ ಆಗಿದ್ದರೆ ಅದು ಪಡೆದವರಿಂದ ಮನೆಯವರಿಗೂ ನೆರೆಯವರಿಗೂ ಹರಿಯಲೇಬೇಕು. ಹರಿಯದಿದ್ದರೆ ನಾವು ಪಡೆದದ್ದೇನೆಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಯೇಸುವಿನ ಜೀವನ ಮತ್ತು ಬೋಧನೆಯನ್ನು ಹೇಳುವ ಸಂತ ಮತ್ತಾಯರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸು ಇದನ್ನು ಸಾಲದ ಲೆಕ್ಕದಲ್ಲಿ ಹೇಳಿದ್ದಾನೆ. ಅರಸನೊಬ್ಬನಿಗೆ ಅವನ ಸೇವಕನು 10,000 ತಲಾಂತು ಸಾಲ ತೀರಿಸಬೇಕಿತ್ತು. ಆ ಕಾಲದಲ್ಲಿ ಒಂದು ದೆನಾರಿ ಕೂಲಿಯಾಳಿನ ಒಂದು ದಿನದ ಸಂಬಳ, ಒಂದು ತಲಾಂತು ಎಂದರೆ ಸುಮಾರು 6,000 ದೆನಾರಿ. ಅಂದರೆ ಆ ಸಾಲ 6 ಕೋಟಿ ದಿನಗಳ ಕೂಲಿ. ಎಷ್ಟು ಜನ್ಮ ದುಡಿದರೂ ತೀರುವಂಥದ್ದಲ್ಲ. ಅರಸನು ಕನಿಕರಪಟ್ಟು ಅದನ್ನೆಲ್ಲ ಮನ್ನಾ ಮಾಡಿದನು. ಹೊರಗೆ ಬಂದ ಅದೇ ಸೇವಕನು ತನಗೆ 100 ದೆನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದು, ಅವನನ್ನು ಸೆರೆಮನೆಗೆ ಹಾಕಿಸಿದನು. ಆ 100 ದೆನಾರಿಯೂ ಸುಳ್ಳು ಸಾಲವಲ್ಲ ಎಂಬುದನ್ನು ಗಮನಿಸಬೇಕು. ಮೂರು ತಿಂಗಳಿಗೂ ಮೀರಿದ ದುಡಿಮೆ ಬಡವನಿಗೆ ದೊಡ್ಡದೇ. ನಮ್ಮವರಿಂದ ನಮಗಾದ ನೋವುಗಳೂ ಹಾಗೆಯೇ ನಿಜವಾದವು, ಅವುಗಳನ್ನು ಕಡಿಮೆ ಮಾಡಿ ಹೇಳಬೇಕೆಂದು ಯೇಸು ಕೇಳುವುದಿಲ್ಲ. ನಮಗೆ ಮನ್ನಾ ಆದುದರ ಪಕ್ಕದಲ್ಲಿಟ್ಟು ಅವನ್ನು ನೋಡಿರಿ ಎನ್ನುತ್ತಾನೆ.

ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಈ ಸಾಮತಿ, ಅಂದರೆ ದೃಷ್ಟಾಂತ ಕತೆ, ನನಗೆ ಹೆಚ್ಚು ನೆನಪಾಗುವುದು ಜಾಗದ ತಕರಾರುಗಳನ್ನು ಕಂಡಾಗ. 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ, ತಲೆಮಾರುಗಳ ಕಾಲ ಗೇಣಿ ಕೊಟ್ಟು ಉಳುತ್ತಿದ್ದ ಅನೇಕ ಕುಟುಂಬಗಳಿಗೆ ಡಿಕ್ಲರೇಷನ್ ಎಂಬ ಗೇಣಿದಾರರ ಅರ್ಜಿಯ ಮೂಲಕ ಭೂಮಿ ತಮ್ಮದಾಯಿತು. ಅಂದು ಹಕ್ಕುಪತ್ರ ಕೈಗೆ ಬಂದಾಗ ಅಜ್ಜ-ಅಜ್ಜಿಯರು ಅದನ್ನು ದೇವರ ಮುಂದಿಟ್ಟು ಕೊಟ್ಟ ಸ್ತುತಿಯನ್ನು ಕೇಳಿ ಬೆಳೆದ ಮೊಮ್ಮಕ್ಕಳೇ ಇಂದು ಅದೇ ಜಾಗದ ಕೆಲವು ಸೆಂಟ್ಸ್‌ಗಾಗಿ, ಬಾವಿಯ ನೀರಿಗಾಗಿ, ದಾರಿಯ ಅಗಲಕ್ಕಾಗಿ ನ್ಯಾಯಾಲಯದಲ್ಲಿ ಎದುರುಬದುರು ನಿಂತಿರುವುದನ್ನು ಕಾಣುತ್ತೇವೆ. ಒಂದೇ ಪೂಜೆಗೆ ಬಂದು, ಒಂದೇ ಸಾಲಿನಲ್ಲಿ ಪರಮಪ್ರಸಾದ ಸ್ವೀಕರಿಸಿ, ಅಂಗಳದಲ್ಲಿ ಮುಖ ತಿರುಗಿಸಿಕೊಂಡು ಹೋಗುವ ಅಣ್ಣತಮ್ಮಂದಿರು ನಮ್ಮಲ್ಲಿದ್ದಾರೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸೋದರನೊಡನೆ ಒಂದಾಗು ಎಂದು ಯೇಸು ಹೇಳಿದ್ದು ಇಂಥವರಿಗೇ. ಹೆಣ್ಣುಮಕ್ಕಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ ಗಂಡು-ಹೆಣ್ಣು ಮಕ್ಕಳಿಗೆ ಸಮಪಾಲೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಆದರೂ ‘ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎಂದು ಹೇಳಿ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಡೆದೇ ಇದೆ, ಅದನ್ನು ಕುಟುಂಬದ ಒಗ್ಗಟ್ಟು ಎಂದು ಕರೆಯುವವರೂ ಇದ್ದಾರೆ. ನ್ಯಾಯವಾಗಿ ಸಲ್ಲಬೇಕಾದುದನ್ನು ಕಿತ್ತುಕೊಂಡು ಉಳಿಸಿಕೊಂಡ ಒಗ್ಗಟ್ಟಿಗೆ ಕ್ರಿಸ್ತನ ಹೆಸರನ್ನು ಹಚ್ಚಬಾರದು.

ಹಿರಿಯರ ವಿಷಯಕ್ಕೆ ಬರುತ್ತೇನೆ. ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸು ಅತ್ಯಂತ ಕಠೋರವಾಗಿ ಖಂಡಿಸುವ ಪದ್ಧತಿಯೊಂದಿದೆ. ತಂದೆ-ತಾಯಿಗೆ ಆಧಾರವಾಗಬೇಕಿದ್ದ ಸ್ವತ್ತನ್ನು ‘ಇದು ಕೊರ್ಬಾನ್, ದೇವರಿಗೆ ಅರ್ಪಿತ’ ಎಂದು ಘೋಷಿಸಿಬಿಟ್ಟರೆ ಹೆತ್ತವರಿಗೆ ಏನೂ ಮಾಡಬೇಕಾಗಿಲ್ಲವೆಂದು ಅಂದಿನ ಧರ್ಮಗುರುಗಳು ಒಪ್ಪಿಕೊಂಡಿದ್ದರು. ಇದರಿಂದ ದೇವರ ಮಾತನ್ನೇ ನಿರರ್ಥಕಗೊಳಿಸಿದ್ದೀರಿ ಎಂದನು ಯೇಸು. ಈ ಭಾಗವನ್ನು ನಮ್ಮ ದೇವಾಲಯಗಳಲ್ಲಿ ಓದುವಾಗ ನನಗೆ ಗೋಡೆಗಳ ಮೇಲಿನ ದಾನಿಗಳ ಫಲಕಗಳತ್ತ ಕಣ್ಣು ಹೋಗುತ್ತದೆ. ದಾನ ಕೊಟ್ಟವರೆಲ್ಲರೂ ಹೆತ್ತವರನ್ನು ಮರೆತವರೆಂದು ಖಂಡಿತವಾಗಿ ಹೇಳುತ್ತಿಲ್ಲ. ದೂರದೇಶದಲ್ಲಿ ದುಡಿದು, ಮನೆಯ ಸಾಲ ತೀರಿಸಿ, ತಾಯಿಯ ಡಯಾಲಿಸಿಸ್‌ಗೆ ತಿಂಗಳು ತಪ್ಪದೆ ಹಣ ಕಳುಹಿಸುವ ಮಕ್ಕಳನ್ನು ಹತ್ತಿರದಿಂದ ಬಲ್ಲೆ. ಆದರೆ ಗುಡಿಯ ಗೋಪುರಕ್ಕೆ ಲಕ್ಷ ರೂಪಾಯಿ ಕೊಟ್ಟವರ ತಾಯಿ, ಔಷಧದ ಚೀಟಿ ಓದಿ ಹೇಳುವವರಿಲ್ಲದೆ ದೊಡ್ಡ ಟೆರೇಸು ಮನೆಯಲ್ಲಿ ಒಂಟಿಯಾಗಿರುವುದೂ ಉಂಟು. ಅಂಥ ದಾನವನ್ನು ಸ್ವೀಕರಿಸುವ ಮುನ್ನ ಮನೆಯ ಹಿರಿಯರು ಹೇಗಿದ್ದಾರೆಂದು ಕೇಳುವ ಧೈರ್ಯ ಧರ್ಮಕೇಂದ್ರಗಳಿಗೆ ಬರಬೇಕು. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ವಿಶ್ವಾಸವನ್ನೇ ತೊರೆದವನು ಎಂದು ತಿಮೊಥೇಯನಿಗೆ ಬರೆದ ಮೊದಲ ಪತ್ರ ಹೇಳುತ್ತದೆ. ಅವನು ವಿಶ್ವಾಸವಿಲ್ಲದವನಿಗಿಂತಲೂ ಕಡೆ ಎಂಬ ಮಾತೂ ಅಲ್ಲಿದೆ. ಕ್ರಿಸ್ತನನ್ನು ಅರಿಯದವರೂ ಹೆತ್ತವರನ್ನು ಸಾಕುತ್ತಾರೆಂಬ ಮನ್ನಣೆ ಆ ಮಾತಿನೊಳಗಿದೆ, ನಮ್ಮ ಸುತ್ತಲಿನ ಹಿಂದೂ, ಮುಸ್ಲಿಂ, ಜೈನ ಮನೆಗಳು ಅದಕ್ಕೆ ನಿತ್ಯ ಸಾಕ್ಷಿ. ಯೇಸುವಾದರೋ ಶಿಲುಬೆಯ ಮೇಲೆ ಪ್ರಾಣ ಹೋಗುವ ಹೊತ್ತಿನಲ್ಲಿಯೂ ತಾಯಿಯನ್ನು ಶಿಷ್ಯನ ವಶಕ್ಕೆ ಒಪ್ಪಿಸಿದನು. ಲೋಕದ ಪಾಪವನ್ನೆಲ್ಲ ಹೊತ್ತಿದ್ದವನಿಗೆ ತಾಯಿ ನಾಳೆ ಯಾರ ಮನೆಯಲ್ಲಿ ಇರುತ್ತಾಳೆ ಎಂಬುದು ಸಣ್ಣ ವಿಷಯವಾಗಿರಲಿಲ್ಲ.

ಮನೆಯೊಳಗಿನ ಈ ಪ್ರೀತಿಯನ್ನು ರೂಢಿಯಲ್ಲಿಟ್ಟು ಕಾಪಾಡುವ ಕ್ರಮಗಳನ್ನು ನಮ್ಮ ಹಿರಿಯರು ಮಾಡಿಟ್ಟಿದ್ದರು. ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಜಪಸರ ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಬಳಿ ಹೋಗಿ ಬೆಸಾಂವ್ ಕೇಳುತ್ತಿದ್ದರು. ಹಗಲು ಜಗಳವಾಡಿದ ಸೊಸೆಗೂ ಅತ್ತೆಯ ಆಶೀರ್ವಾದ ಬೇಡದೆ, ಅತ್ತೆಗೂ ಅದನ್ನು ನೀಡದೆ ಮಲಗುವಂತಿರಲಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ, ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂ ಅರ್ಪಿಸಿದ ನಂತರ, ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಯನ್ನು ಹಾಲು ಅಥವಾ ಪಾಯಸದಲ್ಲಿ ಬೆರೆಸಿ, ಮನೆಯ ಹಿರಿಯರ ಕೈಯಿಂದ ಎಲ್ಲರೂ ಪಡೆಯುತ್ತೇವೆ. ಊರಲ್ಲಿಲ್ಲದ ಮಕ್ಕಳಿಗೆ ಲಕೋಟೆಯಲ್ಲಿ ತೆನೆ ಕಳುಹಿಸುವವರಿದ್ದಾರೆ. ಗದ್ದೆಯ ಮೊದಲ ಫಲ ನಮ್ಮ ಶ್ರಮದಿಂದಲೇ ಬಂದುದಲ್ಲ, ಮೇಲಿನಿಂದ ಕೊಡಲ್ಪಟ್ಟುದು ಎಂಬ ಅರಿವು ಈ ಹಬ್ಬದಲ್ಲಿದೆ. ನಮ್ಮ ತುಳು ನೆರೆಯವರ ಹೊಸ ಅಕ್ಕಿ ಊಟದಲ್ಲಿಯೂ ಇದೆ. ಈಗ ತೇರ್ಸ್ ಹೇಳುವ ಮನೆಗಳು ಕಡಿಮೆಯಾಗಿವೆ. ಅದರೊಡನೆ ದಿನಕ್ಕೊಮ್ಮೆಯಾದರೂ ಹಿರಿಯರ ಎದುರು ಮೌನವಾಗಿ ತಲೆಬಾಗುವ ಗಳಿಗೆಯೂ ಹೋಯಿತು ಎಂಬುದು ನನ್ನ ದುಃಖ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ದಿನವೆಂದು ಗೊತ್ತುಮಾಡಿದ ಮೇಲೆ ಹಲವೆಡೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ, ಒಳ್ಳೆಯದೇ. ಸೋಮವಾರ ಅವರನ್ನು ರಕ್ತಪರೀಕ್ಷೆಗೆ ಕರೆದೊಯ್ಯುವವರು ಯಾರೆಂದೂ ಅದೇ ದಿನ ಗೊತ್ತಾಗಬೇಕು.

ಗಂಡಹೆಂಡಿರ ಬಗ್ಗೆ ಒಂದೇ ಮಾತು. ಕ್ರಿಸ್ತನು ಧರ್ಮಸಭೆಗಾಗಿ, ಅಂದರೆ ತನ್ನ ವಿಶ್ವಾಸಿಗಳ ಸಮುದಾಯಕ್ಕಾಗಿ, ತನ್ನನ್ನೇ ಅರ್ಪಿಸಿಕೊಂಡಂತೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕೆಂಬ ಎಫೆಸದವರಿಗೆ ಬರೆದ ಪತ್ರದ ಆಜ್ಞೆಯನ್ನು ಓದಿದ ಮೇಲೆ, ಕುಡಿದು ಬಂದು ಹೆಂಡತಿಯ ಮೇಲೆ ಕೈ ಮಾಡುವವನಿಗೆ ಕ್ಷಮಿಸಬೇಕೆಂಬ ಉಪದೇಶದ ಮರೆಯಲ್ಲಿ ರಕ್ಷಣೆ ಸಿಗಬಾರದು. ಕ್ಷಮೆಯು ಹೊಡೆಯುವ ಕೈಯನ್ನು ತಡೆಯುವುದಕ್ಕೆ ಅಡ್ಡಿಯಲ್ಲ.

ಇಷ್ಟು ಮನೆಯ ಮಾತಾಯಿತು. ಆದರೆ ತನ್ನವರನ್ನು ಮಾತ್ರ ಪ್ರೀತಿಸುವುದು ಹೆಚ್ಚಿನದೇನಲ್ಲ, ಸುಂಕದವರೂ ಅಷ್ಟನ್ನು ಮಾಡುತ್ತಾರೆ ಎಂದು ಯೇಸು ಬೆಟ್ಟದ ಮೇಲಣ ಉಪದೇಶದಲ್ಲಿ ಹೇಳಿದ್ದಾನೆ. ಔತಣಕ್ಕೆ ಬಂಧುಗಳನ್ನೂ ಸಿರಿವಂತ ನೆರೆಯವರನ್ನೂ ಕರೆದರೆ ಅವರು ತಿರುಗಿ ಕರೆಯುತ್ತಾರೆ, ಲೆಕ್ಕ ಅಲ್ಲಿಗೆ ಚುಕ್ತಾ. ತಿರುಗಿ ಕೊಡಲಾಗದವರನ್ನು ಕರೆ ಎಂದೂ ಹೇಳಿದ್ದಾನೆ. ಯೆರೂಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದವನ ಕತೆ ಕ್ರೈಸ್ತರಲ್ಲದವರಿಗೂ ಗೊತ್ತಿದೆ. ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ದಾಟಿ ಹೋದರು, ಯೆಹೂದ್ಯರು ಹಗೆಯೆಂದೇ ಎಣಿಸುತ್ತಿದ್ದ ಸಮಾರ್ಯದವನು ನಿಂತನು. ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ವಾಹನಪಶುವಿನ ಮೇಲೆ ಕೂರಿಸಿ, ಛತ್ರದವನಿಗೆ ಎರಡು ದೆನಾರಿ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುತ್ತೇನೆಂದನು. ಇದನ್ನು ಓದುವಾಗ ನಾವು ಸಮಾರ್ಯದವನ ಜಾಗದಲ್ಲಿ ನಿಲ್ಲಲು ಆತುರಪಡುತ್ತೇವೆ. ಆದರೆ ಒರಿಜೆನ್, ಸಂತ ಅಗಸ್ಟೀನ್ ಮೊದಲಾದ ಧರ್ಮಸಭೆಯ ಆದಿಕಾಲದ ಗುರುಗಳು ಈ ಕತೆಯನ್ನು ವಿವರಿಸಿದಾಗ ಆ ಸಮಾರ್ಯದವನಲ್ಲಿ ಕ್ರಿಸ್ತನನ್ನೇ ಕಂಡರು. ದಾರಿಯಲ್ಲಿ ಬಿದ್ದಿರುವವರು ನಾವು. ನನಗೆ ಈ ವಿವರಣೆ ಬಹಳ ಮುಖ್ಯವೆನಿಸುತ್ತದೆ. ತಾನೇ ಬಿದ್ದಿದ್ದೆ, ಯಾರೋ ಎತ್ತಿದರು ಎಂದು ತಿಳಿದವನು ಇನ್ನೊಬ್ಬನನ್ನು ಎತ್ತುವಾಗ ಅವನ ಮೇಲೆ ದೊಡ್ಡಸ್ತಿಕೆ ತೋರಲಾರ, ಅವನ ಜಾತಿ ಕೇಳಲಾರ, ಕೃತಜ್ಞತೆಗಾಗಿ ಕೈಚಾಚಲಾರ.

ಇದು ನಮ್ಮ ಕಾಲದಲ್ಲಿ ಆಗುವ ಮಾತೇ ಎಂದು ಕೇಳುವವರಿಗೆ ನಾನು ಭಗಿನಿ ರಾಣಿ ಮರಿಯಾ ಅವರ ಕುಟುಂಬವನ್ನು ತೋರಿಸುತ್ತೇನೆ. ಕೇರಳದ ಪುಲ್ಲುವಳಿಯಲ್ಲಿ 1954ರಲ್ಲಿ ಹುಟ್ಟಿದ ಅವರು ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಸನ್ಯಾಸಿನಿಯಾಗಿ ಮಧ್ಯಪ್ರದೇಶದ ಉದಯನಗರದ ಸುತ್ತಲಿನ ಬಡ ಆದಿವಾಸಿಗಳನ್ನು ಬಡ್ಡಿಯ ಹಿಡಿತದಿಂದ ಬಿಡಿಸಲು ದುಡಿಯುತ್ತಿದ್ದರು. 1995ರ ಫೆಬ್ರುವರಿ 25ರಂದು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ ಅವರನ್ನು ಇರಿದು ಕೊಲ್ಲಲಾಯಿತು. ಕೊಂದ ಸಮಂದರ್ ಸಿಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ರಾಣಿ ಮರಿಯಾ ಅವರ ಸ್ವಂತ ತಂಗಿ, ಭಗಿನಿ ಸೆಲ್ಮಿ ಪೌಲ್, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ತಾಯಿಯೂ ಅವನನ್ನು ಕ್ಷಮಿಸಿದರು, ಅವನ ಬಿಡುಗಡೆಗೆ ಕುಟುಂಬವೇ ಕೋರಿತು, ಹೊರಬಂದ ಬಳಿಕ ಅವನನ್ನು ಕೇರಳದ ಮನೆಗೆ ಬರಮಾಡಿಕೊಂಡಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಧರ್ಮಸಭೆಯು ರಾಣಿ ಮರಿಯಾ ಅವರನ್ನು ಧನ್ಯರೆಂದು, ಅಂದರೆ ಸಂತ ಪದವಿಯ ಹಿಂದಿನ ಮೆಟ್ಟಿಲಿಗೆ ಏರಿದವರೆಂದು, ಸಾರಿತು. ಮಗಳನ್ನು ಕಳೆದುಕೊಂಡ ಮನೆಯ ಬಾಗಿಲು ಕೊಂದವನಿಗೆ ತೆರೆದದ್ದು ಮನೋಬಲವೊಂದರಿಂದಲೇ ಆಗುವಂಥದ್ದೆಂದು ನಾನು ನಂಬಲಾರೆ. ಅದನ್ನು ಮಾಡಿದವರು ದೇವರ ಕೃಪೆಯಿಂದ ಎಂದರು, ನಾನು ಅವರ ಮಾತನ್ನೇ ಒಪ್ಪುತ್ತೇನೆ.

ಕ್ರೈಸ್ತರ ಸೇವೆಯ ಹಿಂದೆ ಬೇರೊಂದು ಉದ್ದೇಶವಿದೆ ಎಂಬ ಸಂಶಯವನ್ನು ಈ ಪತ್ರಿಕೆಯ ಕೆಲವು ಓದುಗರೂ ಹೊಂದಿರಬಹುದು. ಅದಕ್ಕೆ ಶುಭಸಂದೇಶದಲ್ಲಿಯೇ ಉತ್ತರವಿದೆ. ಯೇಸು ಗುಣಪಡಿಸಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಧನ್ಯವಾದ ಹೇಳಲು ಹಿಂದಿರುಗಿದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿಯಿಂದ ಆರೋಗ್ಯವನ್ನು ಹಿಂದಕ್ಕೆ ಪಡೆದುಕೊಂಡನೆಂದು ಎಲ್ಲಿಯೂ ಬರೆದಿಲ್ಲ. ಪ್ರತಿಫಲಕ್ಕಾಗಿ ಒಡ್ಡಿದ ಪ್ರೀತಿ ಕೃಪೆಯ ಸ್ವಭಾವಕ್ಕೇ ವಿರುದ್ಧ, ಅಂಥದ್ದನ್ನು ಮಾಡುವ ಕ್ರೈಸ್ತನನ್ನು ಮೊದಲು ಖಂಡಿಸಬೇಕಾದವರು ಕ್ರೈಸ್ತರು. ಜರ್ಮನ್ ಮೂಲದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ತೊಡಗಿ, ಮುಂದೆ ಮನೆಯವರೇ ಹೊರಹಾಕಿದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದಿರುವ ಆ ಸಂಸ್ಥೆಯ ಬಾಗಿಲಿಗೆ ಕರಾವಳಿಯ ಎಲ್ಲ ಮತದವರೂ ಬಂದಿದ್ದಾರೆ.

ನೆರೆಯವನೆಂದರೆ ಯಾರೆಂಬ ವಿಷಯದಲ್ಲಿ ನಮ್ಮ ಮನೆಯ ಕಸವನ್ನೂ ಒಪ್ಪಿಕೊಳ್ಳಬೇಕು. ಭಾರತದ ಧರ್ಮಸಭೆಯೊಳಗೆ ಜಾತಿ ಇದೆ. ಕೆಲವೆಡೆ ಸ್ಮಶಾನದಲ್ಲಿಯೂ ಗೋಡೆ ಎದ್ದಿತ್ತು. 2016ರ ಡಿಸೆಂಬರ್‌ನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಸಮ್ಮೇಳನವು ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಅಸ್ಪೃಶ್ಯತೆಯನ್ನು ಘೋರ ಸಾಮಾಜಿಕ ಪಾಪವೆಂದು ಕರೆಯಿತು. ನೀತಿಪತ್ರ ಬಂದಷ್ಟು ಬೇಗ ಸಂಬಂಧ ಕುದುರಿಸುವ ಮನಸ್ಸುಗಳು ಬದಲಾಗಿಲ್ಲ. ಒಂದೇ ರೊಟ್ಟಿಯಲ್ಲಿ ಪಾಲು ಪಡೆದು, ಮದುವೆಯ ಮಾತು ಬಂದಾಗ ‘ಅವರು ನಮ್ಮವರಲ್ಲ’ ಎನ್ನುವ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳುತ್ತದೆ. ಬೇರೆ ಧರ್ಮದ ನೆರೆಯವರಿಗೆ ಕ್ರಿಸ್ಮಸ್ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಯನ್ನು ಸಂತೋಷದಿಂದ ಕಳುಹಿಸುವ ನಾವು, ಧರ್ಮಕೇಂದ್ರದ ಅದೇ ವಾಡೆಯ (ವಾರ್ಡಿನ) ಬಡ ಕ್ರೈಸ್ತನ ಮನೆಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿದ್ದೇವೆ?

ಆದುದರಿಂದ ನಮ್ಮ ಧರ್ಮಕೇಂದ್ರಗಳ ಮುಂದೆ ಒಂದು ವಿನಂತಿಯನ್ನಿಡುತ್ತೇನೆ. ಪ್ರತಿಯೊಂದು ಧರ್ಮಕೇಂದ್ರದಲ್ಲಿ ವಾಡೆಗಳಿವೆ, ಪ್ರತಿ ವಾಡೆಗೆ ಗುರಿಕಾರರೆಂಬ ಮುಖಂಡರಿದ್ದಾರೆ, ಬಡವರ ಮನೆಗಳಿಗೆ ಹೋಗುವುದನ್ನೇ ನಿಯಮವಾಗಿಸಿಕೊಂಡ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರೂ ಹಲವೆಡೆ ಇದ್ದಾರೆ. ವಾಡೆಯ ಎಲ್ಲೆಯೊಳಗೆ ಒಂಟಿಯಾಗಿರುವ ಹಿರಿಯರ ಮನೆಗಳನ್ನು, ಅವು ಯಾವ ಮತದವರವೇ ಆಗಿರಲಿ, ಗುರಿಕಾರರು ಗುರುತಿಸಲಿ. ಕ್ರಿಸ್ತೀಯ ಶಿಕ್ಷಣದ ಹಿರಿಯ ತರಗತಿಯ ಮಕ್ಕಳು ತಂದೆ ಅಥವಾ ತಾಯಿಯೊಡನೆ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಔಷಧ, ಪಿಂಚಣಿ, ವಿದ್ಯುತ್ ಬಿಲ್ಲು ಮೊದಲಾದವನ್ನು ವಿಚಾರಿಸಿ, ಸ್ವಲ್ಪ ಹೊತ್ತು ಕುಳಿತು ಬರಲಿ. ಪ್ರಾರ್ಥನೆ ಮಾಡಿಸುವುದೂ ಕರಪತ್ರ ಕೊಡುವುದೂ ಈ ಭೇಟಿಯಲ್ಲಿ ಬೇಡ. ಮಕ್ಕಳಿಂದ ತೊಂದರೆಗೊಳಗಾದ ಹಿರಿಯರಿದ್ದರೆ ಅವರನ್ನು ಉಪವಿಭಾಗಾಧಿಕಾರಿಗಳ ಕಚೇರಿಗೆ ಕರೆದೊಯ್ಯಲು ಒಬ್ಬರಾದರೂ ಮುಂದೆ ಬರಲಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಎಂಬುದನ್ನು ದೇವಾಲಯಗಳ ಸೂಚನಾ ಫಲಕಗಳಲ್ಲಿ ಬರೆಯಿಸಬಹುದು. ತಾವೂ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈ ಸಂಖ್ಯೆಯನ್ನೂ, ನ್ಯಾಯಮಂಡಳಿಗೆ ಅರ್ಜಿ ಕೊಡುವ ಕ್ರಮವನ್ನೂ ಆಗಾಗ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಶಿಕ್ಷಕಿ
ಮಂಗಳೂರು